ಆಚೆ ನೋಡುವ ಬೆಕ್ಕು

ಕ್ಯಾಲಮ್‌ವೇಲ್, ಬ್ರಿಸ್ಬೇನ್
17 ಮಾರ್ಚ್ 2013

ಗೌತಮಿ,

ಫೋನಿನಲ್ಲಿ ನೀನು ಆಡುವುದು ಮೂರೇ ಮಾತು: ‘ಹೂಂ ಆಂಟಿ, ಹಾಂ ಆಂಟಿ, ಸರಿ ಆಂಟಿ.’ ಅದಕ್ಕೆ ಪತ್ರ ಬರೆಯುತ್ತಿದ್ದೇನೆ. ಉಪಾಯ ಹೇಳಿಕೊಟ್ಟವರು ನಿನ್ನ ಅಪ್ಪ. ‘ಅವಳಿಗೆ ಪತ್ರ ಬರಿ ಸೌಜನ್ಯಾ. ಹಾಸ್ಟೆಲ್‌ನಲ್ಲಿ ಭಾನುವಾರ ಬಂತು ಅಂದ್ರೆ ಬರೀಲೇಬೇಕಿತ್ತು. ಪೆನ್ನು ಹಿಡಿದ್ರೆ ಬಾಯಿ ಬಿಡ್ತಾಳೆ’ ಅಂದರು. ನಾನು ಕೈಯಲ್ಲಿ ಪತ್ರ ಬರೆದು ಯಾವ ಕಾಲವಾಯಿತೋ, ಅಕ್ಷರ ನೋಡಿ ನಗಬೇಡ.

ವಿಷಯ ಇಷ್ಟು. ಅಪ್ಪನ ಸಹಿಗೆ ಅಂತ ನೀನು ಅಡಿಲೇಡ್‌ನಿಂದ ಕಳಿಸಿದ ಕವರು ಬಂತು. ಅವರು ಪರ್ತ್ ಆಚೆಯ ಗಣಿಯಲ್ಲಿದ್ದಾರೆ, ಮುಂದಿನ ವಾರವೇ ಬರುವುದು. ಕವರನ್ನು ಫ್ರಿಜ್ ಮೇಲೆ ಇಟ್ಟಿದ್ದೆ. ಅದರ ಹಿಂದೆ ನಿನ್ನ ಹೆಸರಿನ ಪಕ್ಕ ಒಂದು ಬೆಕ್ಕು ಬರೆದಿದ್ದೀಯಲ್ಲ, ಅದು ಶ್ರೀಜಾ ಕಣ್ಣಿಗೆ ಬಿತ್ತು. ‘ಹೂ ಡಿಡ್ ದಿಸ್?’ ಅಂದಳು. ‘ನಿನ್ನ ಅಕ್ಕ’ ಅಂದೆ. ‘ರಿಯಲ್ ಅಕ್ಕನಾ, ಆಂಟಿ ಮನೆ ಥರ ಅಕ್ಕನಾ?’ ಇಲ್ಲಿ ಕನ್ನಡದವರ ಮನೆಯ ದೊಡ್ಡ ಹುಡುಗಿಯರನ್ನೆಲ್ಲ ಅಕ್ಕ ಅನ್ನಿಸುತ್ತೇವೆ, ಅದಕ್ಕೇ ಅವಳಿಗೆ ಅನುಮಾನ. ‘ರಿಯಲ್. ಅಪ್ಪ ಒಬ್ಬರೇ. ಅವಳು ಚಿಕ್ಕವಳಿದ್ದಾಗ ಅವಳಮ್ಮ ತೀರಿಕೊಂಡರು. ಆಮೇಲೆ ನಾನು ಬಂದೆ, ಆಮೇಲೆ ನೀನು ಬಂದೆ’ ಅಂತ ಹೇಳಿದೆ. ಏಳು ವರ್ಷದ ತಲೆ ಅದನ್ನು ಸ್ವಲ್ಪ ಹೊತ್ತು ಅಗಿಯಿತು. ‘ದೆನ್ ಶೀ ಹ್ಯಾಸ್ ಟು ಟೀಚ್ ಮೀ’ ಅಂದಳು.

ಅವಳ ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ. ಮಕ್ಕಳು ತಮಗೆ ಬರುವ ಯಾವುದಾದರೂ ಒಂದು ವಿದ್ಯೆಯನ್ನು, ‘ಹೇಗೆ ಮಾಡುವುದು’ ಅಂತ ಹಂತಹಂತವಾಗಿ ಬರೆದು, ಜೂನ್‌ನಲ್ಲಿ ಎಲ್ಲರೆದುರು ಮಾಡಿ ತೋರಿಸಬೇಕು. ಒಬ್ಬ ಹುಡುಗ ನಾಯಿಗೆ ಸ್ನಾನ ಮಾಡಿಸುವುದು ಹೇಗೆ ಅಂತ ಬರೆಯುತ್ತಾನಂತೆ. ನಮ್ಮವಳದು ಕಾರ್ಟೂನ್ ಬೆಕ್ಕು. ಕಲಿಸುತ್ತೀಯಾ?

ಇನ್ನೊಂದು ಮಾತು. ನೀನು ಈ ದೇಶಕ್ಕೆ ಓದಲು ಬಂದು ತಿಂಗಳಾಯಿತು, ಈ ಮನೆಯ ಬಾಗಿಲು ನೋಡಿಲ್ಲ. ಡಿಸೆಂಬರ್ ರಜೆಗೆ ಬಾ. ರೂಮು ಖಾಲಿ ಇದೆ.

ಕಾಯುತ್ತಾ,
ಸೌಜನ್ಯ


ಅಡಿಲೇಡ್
24 ಮಾರ್ಚ್ 2013

ಸೌಜನ್ಯಾ ಆಂಟಿಗೆ ನಮಸ್ಕಾರ.

ನಿಮ್ಮ ಅಕ್ಷರ ಚೆನ್ನಾಗಿದೆ. ನನ್ನದನ್ನು ನಮ್ಮ ಹಾಸ್ಟೆಲ್ ವಾರ್ಡನ್ ರುಕ್ಮಿಣಿ ಮೇಡಂ ಕೋಳಿ ಕೆದರಿದ ಹಾಗಿದೆ ಅನ್ನುತ್ತಿದ್ದರು. ಭಾನುವಾರದ ಪತ್ರಗಳನ್ನೆಲ್ಲ ಅವರೇ ಓದಿ, ತಪ್ಪಿಗೆ ಕೆಂಪು ಗೆರೆ ಹಾಕಿ ಕಳಿಸುತ್ತಿದ್ದರು.

ಆಂಟಿ, ಇಲ್ಲಿ ನನಗೆ ಗೊತ್ತಿಲ್ಲದ ವಿಷಯಗಳೇ ಜಾಸ್ತಿ. ಟ್ಯುಟೋರಿಯಲ್‌ನಲ್ಲಿ ಯಾವಾಗ ಬಾಯಿ ತೆರೆಯಬೇಕು, ನರೆಗೂದಲಿನ ಪ್ರೊಫೆಸರನ್ನು ಹೆಸರು ಹಿಡಿದು ಕರೆಯುವುದು ಹೇಗೆ, ಸ್ಟ್ಯಾಟಿಸ್ಟಿಕ್ಸ್ ಪಾಸಾಗುತ್ತದಾ, ಎಲ್ಲಕ್ಕೂ ಭಯ. ಆದರೆ ಬೆಕ್ಕು? ಬೆಕ್ಕಿನ ವಿಷಯದಲ್ಲಿ ನನಗೆ ಯಾವ ಭಯವೂ ಇಲ್ಲ. ಕೈ ಕಟ್ಟಿಹಾಕಿದರೆ ಕಾಲಿನಲ್ಲಿ ಬರೆದು ತೋರಿಸುತ್ತೇನೆ. ಶ್ರೀಜಾಗೆ ಓದಿ ಹೇಳಿ.

ಶ್ರೀಜಾ, ಪೆನ್ಸಿಲ್ ಬೇಡ, ಪೆನ್ನು ತಗೋ. ಪೆನ್ಸಿಲ್ ಹಿಡಿದವರಿಗೆ ರಬ್ಬರಿನ ಮೇಲೇ ಕಣ್ಣು. ಮೊದಲು ಒಂದು ರಾಗಿಮುದ್ದೆ ಬರಿ. ತಟ್ಟೆಯಲ್ಲಿ ಕೂತ ಮುದ್ದೆ, ತಳ ಚಪ್ಪಟೆ, ಮೇಲೆ ಗುಂಡಗೆ. ಅದು ಮೈ. ಅದರ ಮೇಲೊಂದು ನಿಂಬೆಹಣ್ಣು, ಸ್ವಲ್ಪ ಮುದ್ದೆಯೊಳಗೆ ಹೂತುಕೊಂಡ ಹಾಗೆ. ಅದು ತಲೆ. ಕುತ್ತಿಗೆ ಇಲ್ಲ. ಕುತ್ತಿಗೆ ಹಾಕಿದರೆ ಕೋಳಿಯಾಗುತ್ತದೆ. ನಿಂಬೆಹಣ್ಣಿನ ಮೇಲೆ ಎರಡು ಸಮೋಸದ ಮೂಲೆ, ನಡುವೆ ನಿನ್ನ ಬೆರಳು ಹಿಡಿಸುವಷ್ಟು ಜಾಗ. ಕಿವಿಗಳು ಅಂಟಿಕೊಂಡರೆ ಮೊಲ, ತೀರಾ ದೂರ ಹೋದರೆ ಗೂಬೆ. ಕೊನೆಗೆ ಬಾಲ. ಬಾಲವನ್ನು ನಿಧಾನವಾಗಿ ಬರೆಯಬಾರದು. ನಿಧಾನ ಬರೆದ ಬಾಲ ನಡುಗುತ್ತದೆ, ಬೆಕ್ಕು ಹೆದರಿದ ಹಾಗೆ ಕಾಣುತ್ತದೆ. ಮುದ್ದೆಯ ಬುಡದಿಂದ ಒಂದೇ ಉಸಿರಿಗೆ ಹೊರಗೆ ಎಳೆದು ಮೇಲಕ್ಕೆ ಸುರುಳಿ ಸುತ್ತಿಬಿಡು. ಪೆನ್ನು ಎತ್ತು. ಮುಗಿಯಿತು.

ಕಣ್ಣೆಲ್ಲಿ, ಮೂಗೆಲ್ಲಿ, ಮೀಸೆಯೆಲ್ಲಿ ಅಂತ ಕೇಳಬೇಡ. ಬೆಕ್ಕು ಆಚೆ ನೋಡುತ್ತಾ ಕೂತಿದೆ. ನಮಗೆ ಕಾಣುವುದು ಬೆನ್ನು.

ಆಂಟಿ, ಅದಕ್ಕೆ ಕಾರಣವಿದೆ. ನಾನು ಮೈಸೂರಿನ ಹಾಸ್ಟೆಲ್ ಸೇರಿದ ವರ್ಷ ನಮ್ಮ ಡಾರ್ಮಿಟರಿಯಲ್ಲಿ ಗೌತಮಿಯರು ಮೂವರು. ಬಕೆಟ್, ಮಗ್, ತಟ್ಟೆ, ಎಲ್ಲದರ ಮೇಲೂ ಹೆಸರು ಬರೆದರೂ ದಿನಾ ಜಗಳ. ರುಕ್ಮಿಣಿ ಮೇಡಂ ಒಬ್ಬಳಿಗೆ ಹೂವು, ಒಬ್ಬಳಿಗೆ ನಕ್ಷತ್ರ, ನನಗೆ ಬೆಕ್ಕು ಅಂತ ಗುರುತು ಹಂಚಿದರು. ಬರೆಯುವುದು ನೇಲ್ ಪಾಲಿಶ್‌ನಲ್ಲಿ. ಅದರ ಬ್ರಶ್ ದಪ್ಪ, ಕಣ್ಣು ಮೂಗು ಹಾಕಲು ಹೋದರೆ ಒಂದೇ ಗೊಜ್ಜು. ಅದಕ್ಕೆ ಬೆಕ್ಕನ್ನು ಆಚೆ ತಿರುಗಿಸಿ ಕೂರಿಸಿದೆ. ಹನ್ನೊಂದು ವರ್ಷ ಹಾಗೇ ಕೂತಿದೆ.

ಡಿಸೆಂಬರ್ ವಿಷಯ ನೋಡೋಣ. ನಾನು ಕ್ಯಾಷ್ ಕೌಂಟರಿನಲ್ಲಿ ನಿಲ್ಲುವ ಸರ್ವೋದಲ್ಲಿ, ಅದೇ ಪೆಟ್ರೋಲ್ ಬಂಕ್‌ನಲ್ಲಿ, ಕ್ರಿಸ್‌ಮಸ್ ಸಮಯಕ್ಕೆ ಕೆಲಸದವರು ಸಿಗುವುದಿಲ್ಲವಂತೆ.

ವಿಶ್ವಾಸದಿಂದ,
ಗೌತಮಿ ರಮಾಕಾಂತ್


ಕ್ಯಾಲಮ್‌ವೇಲ್
14 ಏಪ್ರಿಲ್ 2013

ಗೌತಮಿ,

ಫ್ರಿಜ್ಜಿನ ಬಾಗಿಲು ಈಗ ಕಾಣುತ್ತಿಲ್ಲ. ಬರೀ ಬೆಕ್ಕುಗಳ ಬೆನ್ನು. ಬಾಲ ಒಂದೇ ಉಸಿರಿಗೆ ಎಳೆಯಬೇಕು ಅಂದಿದ್ದೀಯಲ್ಲ, ಸ್ವಿಮ್ಮಿಂಗ್ ಪೂಲಿಗೆ ಧುಮುಕುವವಳ ಹಾಗೆ ಕೆನ್ನೆ ತುಂಬ ಗಾಳಿ ತುಂಬಿಕೊಂಡು ಬರೆಯುತ್ತಾಳೆ. ಮುದ್ದೆ ಅಂದರೆ ಏನು ಅಂತ ತೋರಿಸಲು ನಾನು ರಾಗಿಹಿಟ್ಟು ಹುಡುಕಿ ತಂದು ಮುದ್ದೆ ತಿರುವಬೇಕಾಯಿತು. ಬರೆದುಕೊಂಡಳು, ತಿನ್ನಲಿಲ್ಲ.

ಈಗ ದೂರು. ಮೊನ್ನೆ ಊಟಕ್ಕೆ ಕೂತಾಗ ಕೇಳಿದಳು, ‘ಅಮ್ಮಾ, ವೈ ಇಸಂಟ್ ಶೀ ಲುಕಿಂಗ್ ಅಟ್ ಅಸ್? ನಾವೇನ್ ಮಾಡಿದ್ವಿ?’ ಅವಳ ಬಾಯಲ್ಲಿ ಕನ್ನಡ ಬರುವುದು ಹಬ್ಬಕ್ಕೊಮ್ಮೆ. ನೆಟ್ಟಗೆ ‘ನಾವೇನ್ ಮಾಡಿದ್ವಿ’ ಅಂದಳು ನೋಡು, ಸಾರು ಬಡಿಸುತ್ತಿದ್ದ ನನ್ನ ಸೌಟು ಅಲ್ಲೇ ನಿಂತಿತು. ‘ಏನೂ ಮಾಡಿಲ್ಲ ಕಣೇ, ಆ ಬೆಕ್ಕು ಕೂತ್ಕೊಳ್ಳೋದೇ ಹಾಗೆ’ ಅಂದೆ. ‘ಟೆಲ್ ಹರ್ ಟು ಟರ್ನ್ ಇಟ್ ಅರೌಂಡ್’ ಅಂತ ಅಪ್ಪಣೆಯಾಗಿದೆ. ಟೀಚರ್ ಕೂಡ ಹೇಳಿದರಂತೆ, ಕ್ಲಾಸಿನವರು ಮುಖ ಎಲ್ಲಿ ಅಂತ ಕೇಳೇ ಕೇಳುತ್ತಾರೆ ಅಂತ.

ಡಿಸೆಂಬರ್‌ಗೆ ಸರ್ವೋದ ಕಥೆ ಹೇಳಿದ್ದೀಯ. ನಾನು ಕೇಳಿದ್ದು ಬರ್ತೀಯಾ ಅಂತ. ಅವರಿಗೆ ಜನ ಸಿಗ್ತಾರಾ ಅಂತ ಅಲ್ಲ.

ಇಬ್ಬರ ಪರವಾಗಿ,
ಸೌಜನ್ಯ


ಅಡಿಲೇಡ್
28 ಏಪ್ರಿಲ್ 2013

ಆಂಟಿ,

ಶ್ರೀಜಾಗೆ ಮೊದಲು ಇದನ್ನು ಹೇಳಿಬಿಡಿ: ಯಾರೂ ಏನೂ ಮಾಡಿಲ್ಲ. ನನಗೆ ಮುಖ ಬರೆಯಲು ಬರುವುದಿಲ್ಲ, ಅಷ್ಟೇ. ಇಷ್ಟು ವರ್ಷದಲ್ಲಿ ಎಷ್ಟು ಬೆಕ್ಕು ಬರೆದಿದ್ದೇನೋ ಲೆಕ್ಕವಿಲ್ಲ, ಒಂದಕ್ಕೂ ಮುಖ ಇಟ್ಟಿಲ್ಲ. ಕಾಲಿನಲ್ಲಿ ಬರೆಯುತ್ತೇನೆ ಅಂತ ಜಂಬ ಕೊಚ್ಚಿದ್ದೆ. ನನಗೆ ಬರುವುದು ಅರ್ಧ ಬೆಕ್ಕು ಅಂತ ಎರಡನೇ ಕ್ಲಾಸಿನವಳು ಕಂಡುಹಿಡಿದಳು.

ಬಿಟ್ಟುಕೊಡಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಲೆಕ್ಚರ್ ಪೂರ್ತಿ ಪ್ರಯತ್ನಪಟ್ಟೆ. ಕಣ್ಣಿಗೆ ಎರಡು ಸೊನ್ನೆ ಹಾಕಿದರೆ ದೆವ್ವ ಕಂಡ ಹಾಗಾಯಿತು. ಚುಕ್ಕಿ ಇಟ್ಟರೆ ಇಲಿ. ಕೊನೆಗೆ ನಮ್ಮ ‘ಠ’ ಅಕ್ಷರ ನೆನಪಾಯಿತು: ಸೊನ್ನೆಯೊಳಗೆ ಚುಕ್ಕಿ, ಮೇಲೆ ತಲೆಕಟ್ಟು, ಕಣ್ಣು ಹುಬ್ಬು ಎರಡೂ ರೆಡಿ. ಎರಡು ಠ ಬರೆದು ನಡುವೆ ಒಂದು ಗೆರೆ ಎಳೆದೆ. ಪಕ್ಕದಲ್ಲಿದ್ದ ನನ್ನ ಹೌಸ್‌ಮೇಟ್ ಬ್ರೀ ಬಗ್ಗಿ ನೋಡಿ, ‘ಹೇ, ಇದು ಇಂಟರ್ನೆಟ್‌ನಲ್ಲಿ ಬರುತ್ತಲ್ಲ, ಆ ಮುನಿಸಿನ ಮುಖ! ನಿಂಗೂ ಗೊತ್ತಾ?’ ಅಂದಳು. ನನಗೆ ಗೊತ್ತಿರಲಿಲ್ಲ. ಎರಡು ಠ ಅಕ್ಕಪಕ್ಕ ಕೂರಿಸಿ, ಇಷ್ಟವಾಗದ್ದಕ್ಕೆಲ್ಲ ಅಂಟಿಸುತ್ತಾರಂತೆ ಜನ. ಅದು ಅಕ್ಷರ ಕಣೇ, ನಮ್ಮ ಊರಿನದು, ಪಾಠ, ಮಠ, ಶುಂಠಿ ಅನ್ನುವಾಗ ಬರುತ್ತದೆ ಅಂದೆ. ‘ಅಂದ್ರೆ ನೀವು ಆ ಮುಖವನ್ನ ಓದ್ತೀರಾ?’ ಅಂತ ಅವಳು ಬಾಯಿ ಬಿಟ್ಟಳು. ಇಲ್ಲಿಗೆ ಬಂದಮೇಲೆ ನಾನು ಜೋರಾಗಿ ನಕ್ಕಿದ್ದು ಅದೇ ಮೊದಲು. ಲೆಕ್ಚರರ್ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು, ಥೇಟ್ ಆ ಠ ಠ ಮುಖದಲ್ಲಿ.

ಆ ಬೆಕ್ಕನ್ನು ಇದರೊಳಗೆ ಇಟ್ಟಿದ್ದೇನೆ, ನೀವು ನೋಡಿ ನಗುವುದಕ್ಕೆ ಮಾತ್ರ. ಶ್ರೀಜಾಗೆ ಬೇಡ. ಭಾನುವಾರದ ಕಾಗದ ತಡವಾಗಿ ತಂದವರನ್ನು ರುಕ್ಮಿಣಿ ಮೇಡಂ ನೋಡುವ ಹಾಗೆ ನೋಡುತ್ತಿದೆ. ಬೆನ್ನು ಕೊಟ್ಟ ಬೆಕ್ಕಿಗಿಂತ ಇದು ವಾಸಿ ಅಂತ ಹೇಗೆ ಹೇಳಲಿ?

ಅಪ್ಪನಿಗೂ ಬರೆದು ಕೇಳಿದ್ದೇನೆ. ಕಲ್ಲಿನ ಪದರಗಳ ಚಿತ್ರ ಬರೆಯುವುದು ಅವರ ಕೆಲಸವಲ್ಲವಾ, ಏನಾದರೂ ಹೊಳೆದೀತು.

ಮುಖಭಂಗವಾದ,
ಗೌತಮಿ


ಫ್ರೀಮ್ಯಾಂಟಲ್, ಪರ್ತ್
12 ಮೇ 2013

ಗೌತಮಿ ಮರಿ,

ಎರಡು ವಾರ ಗಣಿಯ ಸೈಟು ಮುಗಿಸಿ ಇವತ್ತು ಇಳಿದೆ. ಬ್ರಿಸ್ಬೇನ್ ವಿಮಾನ ನಾಳೆ. ರೂಮಿನಲ್ಲಿ ಒಬ್ಬನೇ ಏನು ಮಾಡುವುದು ಅಂತ ಟ್ರೇನ್ ಹತ್ತಿ ಬಂದರಿನ ಕಡೆ ಬಂದಿದ್ದೇನೆ.

ನಿನ್ನ ಪ್ರಶ್ನೆ ಓದಿ ಸೈಟಿನಲ್ಲೇ ಒಂದು ಬೆಕ್ಕು ಬರೆದೆ. ಡ್ರಿಲ್ಲರ್ ಒಬ್ಬ ನೋಡಿ ‘ಗುಡ್ ವಾಂಬ್ಯಾಟ್, ಮೇಟ್’ ಅಂದ. ಬಿಲ ತೋಡುವ, ಕರಡಿಮರಿಯಂಥ ಇಲ್ಲಿನ ಗುಂಡು ಪ್ರಾಣಿ ಅದು. ಆದ್ದರಿಂದ ನನ್ನ ಕೈ ನಂಬಬೇಡ. ಕಣ್ಣನ್ನು ಬೇಕಾದರೆ ನಂಬು. ನಮಗೆ ಮೊದಲ ವರ್ಷ ಕಲಿಸಿದ ಪಾಠ ಒಂದೇ: ಗೊತ್ತಿರುವುದನ್ನು ಬರೆಯಬೇಡ, ಕಂಡದ್ದನ್ನು ಬರಿ. ಕಲ್ಲಿನ ಹಿಂದೆ ಏನಿದೆ ಅಂತ ಊಹೆ ಮಾಡಿ ಗೆರೆ ಎಳೆದರೆ ಬೈಸಿಕೊಳ್ಳುತ್ತಿದ್ದೆವು.

ಇಲ್ಲಿ ಹಳೆ ಪುಸ್ತಕದ ಅಂಗಡಿಯೊಂದರ ಕಿಟಕಿಯಲ್ಲಿ ಒಂದು ಬೂದು ಬೆಕ್ಕಿದೆ. ನಿನ್ನ ಬೆಕ್ಕಿನ ಹಾಗೇ, ನನಗೆ ಬೆನ್ನು ಕೊಟ್ಟು ಕೂತಿತ್ತು. ಎದುರಿನ ಬೆಂಚಿನಲ್ಲಿ ಕೂತು ಒಂದು ಕಾಫಿ ಮುಗಿಸಿದೆ, ಇನ್ನೊಂದೂ ಮುಗಿಸಿದೆ, ತಿರುಗಲಿಲ್ಲ. ‘ಪುಸ್ಸ್’ ಅಂದೆ, ‘ಬಾರೋ ರಾಜಾ’ ಅಂದೆ. ಊಹೂಂ. ಆಗ ಗಮನಿಸಿದೆ. ತಲೆ ಅಲ್ಲಾಡಿರಲಿಲ್ಲ, ಆದರೆ ಎಡಗಿವಿ ಮಾತ್ರ ಪೂರ್ತಿ ನನ್ನ ಕಡೆ ತಿರುಗಿತ್ತು. ಒಳಗಿನ ಗುಲಾಬಿ ಬಣ್ಣ ಕಾಣುವಷ್ಟು. ಬೆಕ್ಕು ತಿರುಗುವ ಮೊದಲು ಕಿವಿ ತಿರುಗುತ್ತದೆ ಮರಿ. ಐವತ್ತು ದಾಟಿದ ಮೇಲೆ ಇವತ್ತು ಗೊತ್ತಾಯಿತು ನನಗೆ.

ಉಳಿದದ್ದು ಯಾವಾಗ ತಿರುಗುತ್ತದೋ ಅದರಿಷ್ಟ. ನಾನು ಎದ್ದು ಬಂದೆ, ಟ್ರೇನಿನ ಹೊತ್ತಾಗಿತ್ತು.

ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್ ಏನಾಯಿತು ಅಂತ ನೀನು ಬರೆದಿಲ್ಲ. ಬರೆಯಬೇಕು ಅನ್ನಿಸಿದಾಗ ಬರಿ.

ನಿನ್ನ,
ಅಪ್ಪ


ಅಡಿಲೇಡ್
19 ಮೇ 2013

ಶ್ರೀಜಾ,

ಈ ಪತ್ರ ನಿನ್ನದು, ಅಮ್ಮ ಬರೀ ಓದುವವರು. ನಾನು ಬೆಕ್ಕನ್ನು ತಿರುಗಿಸುವುದಿಲ್ಲ. ಆದರೆ ಅದಕ್ಕಿಂತ ಒಳ್ಳೆಯದೊಂದು ಸಿಕ್ಕಿದೆ, ಗಮನವಿಟ್ಟು ಕೇಳು.

ಬಲಗಡೆಯ ಸಮೋಸವನ್ನು ಮುಟ್ಟಬೇಡ. ಎಡಗಡೆಯದರ ಒಳಗೆ ಇನ್ನೊಂದು ಪುಟ್ಟ ಸಮೋಸ ಬರಿ, ಹೊರಗಿನ ಗೆರೆಗೆ ತಾಗದ ಹಾಗೆ. ಅದರೊಳಗೆ ಕೆಳಗಿನಿಂದ ಮೇಲಕ್ಕೆ ಎರಡು ಸಣ್ಣ ಕೂದಲು. ಅಷ್ಟೇ. ಈಗ ಕಾಗದವನ್ನು ಗೋಡೆಗೆ ಒರಗಿಸಿ ದೂರ ಹೋಗಿ ನೋಡು. ಮುಚ್ಚಿದ ಕಿವಿ ಆಚೆ, ತೆರೆದ ಕಿವಿ ನಿನ್ನ ಕಡೆ. ಬೆಕ್ಕು ಆಚೆ ನೋಡುತ್ತಿದೆ ಅಂತ ನೀನು ಅಂದುಕೊಂಡಿದ್ದೀಯ. ಅದು ನೀನು ಹೇಳುವುದನ್ನೆಲ್ಲ ಕೇಳಿಸಿಕೊಳ್ಳುತ್ತಿದೆ.

ಕ್ಲಾಸಿನಲ್ಲಿ ಯಾರಾದರೂ ಮುಖ ಎಲ್ಲಿ ಅಂದರೆ ಹೆದರಬೇಡ. ಪೆನ್ನು ಹಿಡಿದವರು ಹೇಳಿದ್ದೇ ಬೆಕ್ಕು. ಬಾಲ ಬರೆಯುವಾಗ ಮಾತ್ರ ಮಾತಾಡಬೇಡ, ಉಸಿರು ಹೋಗುತ್ತದೆ.

ಆಂಟಿ, ಅಪ್ಪನಿಗೆ ಹೇಳಿ, ಟೆಸ್ಟ್ ಪಾಸು. ಕೂದಲೆಳೆಯಲ್ಲಿ ಪಾಸು, ಆದರೂ ಪಾಸು.

ಬೆಕ್ಕಿನ ಮೇಷ್ಟ್ರು,
ಗೌತಮಿ


ಕ್ಯಾಲಮ್‌ವೇಲ್
16 ಜೂನ್ 2013

ಗೌತಮಿ,

ಗುರುವಾರ ನಿನ್ನ ಶಿಷ್ಯೆಯ ಪ್ರದರ್ಶನವಾಯಿತು. ನಾನು ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ನಾಯಿ ಸ್ನಾನದ ಹುಡುಗ ನಿಜವಾದ ನಾಯಿಯನ್ನೇ ತಂದಿದ್ದ, ಅದು ಟವೆಲ್ ಕಚ್ಚಿಕೊಂಡು ಓಡಿಹೋಯಿತು. ಅದಾದಮೇಲೆ ಇವಳ ಸರದಿ. ಇನ್ನು ಯಾರು ಬೆಕ್ಕು ನೋಡುತ್ತಾರೆ ಅಂದುಕೊಂಡೆ.

ಬಿಳಿ ಬೋರ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ನಿಂತಳು. ‘ಸ್ಟೆಪ್ ಒನ್. ಡ್ರಾ ಎ ಮುದ್ದೆ’ ಅಂದಳು. ಒಬ್ಬರಿಗೂ ಮುದ್ದೆ ಅಂದರೆ ಏನು ಅಂತ ಗೊತ್ತಿಲ್ಲ, ಒಬ್ಬರೂ ಕೇಳಲಿಲ್ಲ, ಎಲ್ಲರೂ ಬರೆದರು! ಬಾಲಕ್ಕೆ ಬಂದಾಗ ಇಡೀ ಕ್ಲಾಸು ಕೆನ್ನೆ ಉಬ್ಬಿಸಿ ಉಸಿರು ಹಿಡಿಯಿತು, ಟೀಚರೂ ಸೇರಿ. ಆಮೇಲೆ ನಾವು ಕಾಯುತ್ತಿದ್ದ ಪ್ರಶ್ನೆ ಬಂತು. ಮುಂದಿನ ಸಾಲಿನ ಹುಡುಗಿ, ‘ಯಾಕೆ ಅದು ನಮ್ಮ ಕಡೆ ನೋಡ್ತಿಲ್ಲ?’ ಅಂದಳು.

ಶ್ರೀಜಾ ಒಂದು ಕ್ಷಣವೂ ಯೋಚಿಸಲಿಲ್ಲ. ‘ಶೀ ಈಸ್ ಶೈ. ಶೀ ಲಿವ್ಸ್ ಇನ್ ಅಡಿಲೇಡ್. ಬಟ್ ಶೀ ಕ್ಯಾನ್ ಹಿಯರ್ ಯೂ, ಸೋ ಬೀ ನೈಸ್.’

ನಾನು ಕರ್ಚೀಫ್ ಹುಡುಕುವ ನೆಪದಲ್ಲಿ ಬ್ಯಾಗಿನೊಳಗೆ ತಲೆ ಹಾಕಿದೆ.

ಈಗ ಹೇಳು. ಬರ್ತೀಯಾ, ಇಲ್ವಾ? ಏನು ಅಡ್ಡ ಬರುತ್ತಿದೆ ಅಂತ ನೇರವಾಗಿ ಬರಿ. ನಾನು ರುಕ್ಮಿಣಿ ಮೇಡಂ ಅಲ್ಲ. ನೀನು ಬರೆದದ್ದಕ್ಕೆ ಕೆಂಪು ಗೆರೆ ಹಾಕುವುದಿಲ್ಲ.

ನಿರೀಕ್ಷೆಯಲ್ಲಿ,
ಸೌಜನ್ಯ


ಅಡಿಲೇಡ್
15 ಸೆಪ್ಟೆಂಬರ್ 2013

ಆಂಟಿ,

ಜೂನ್‌ನ ಪತ್ರಕ್ಕೆ ಈಗ ಉತ್ತರ. ಎಷ್ಟೋ ಸಲ ಶುರುಮಾಡಿದೆ. ‘ಸರ್ವೋ’ ಅಂತ ಬರೆಯುತ್ತಿದ್ದ ಹಾಗೆ ನಿಮ್ಮ ಮುಖ ಕಾಣುತ್ತಿತ್ತು, ಹರಿದು ಹಾಕುತ್ತಿದ್ದೆ.

ನೇರವಾಗಿ ಬರಿ ಅಂದಿರಿ, ಬರೆಯುತ್ತೇನೆ. ಹಾಸ್ಟೆಲ್ ರಜೆಗಳಲ್ಲಿ ನಾನು ಚಂದ್ರಪ್ರಭಾ ಅತ್ತೆಯ ಮನೆಗೆ ಹೋಗುತ್ತಿದ್ದೆ. ಅತ್ತೆ ಒಳ್ಳೆಯವರು. ಅವರ ಬಗ್ಗೆ ಒಂದು ಕೆಟ್ಟ ಮಾತು ಆಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ನಾನು ಹೋದ ದಿನ ಬೀರುವಿನಿಂದ ನುಸಿಗುಳಿಗೆ ವಾಸನೆಯ ಹೊಸ ಟವೆಲ್ ತೆಗೆಯುತ್ತಿದ್ದರು. ಹೊಸ ಸೋಪು ಬಿಚ್ಚುತ್ತಿದ್ದರು. ಅವರ ಮಕ್ಕಳಿಗೆ ‘ಅವಳು ನಾಕ್ ದಿನಕ್ಕೆ ಬಂದಿದಾಳೆ, ಅವಳಿಗೆ ಬಿಡು’ ಅನ್ನುತ್ತಿದ್ದರು. ಮಕ್ಕಳು ಬಿಟ್ಟುಕೊಡುತ್ತಿದ್ದರು. ನನಗೆ ಯಾರೂ ಬೈಯುತ್ತಿರಲಿಲ್ಲ. ನಾನು ಹೊರಟ ಮೇಲೆ ಟವೆಲ್ ಒಗೆಸಿಕೊಂಡು ಮತ್ತೆ ಬೀರುವಿಗೆ ಹೋಗುತ್ತಿತ್ತು, ಮುಂದಿನ ನೆಂಟರಿಗೆ.

ಹಾಸ್ಟೆಲ್ಲಿನ ಅನ್ನ ಕೆಟ್ಟದು, ನೀರು ತಣ್ಣಗೆ. ಆದರೆ ಬಚ್ಚಲಿನ ಸಾಲಿನಲ್ಲಿ ನನ್ನ ಬಕೆಟ್ ಇರುತ್ತಿತ್ತು. ಬೇರೆಯವರು ಮುಟ್ಟಿದರೆ ಜಗಳ ಆಡುವ ಹಕ್ಕು ನನಗಿತ್ತು. ಗೆಸ್ಟ್‌ಗೆ ಎಲ್ಲವೂ ಸಿಗುತ್ತದೆ ಆಂಟಿ, ಜಗಳ ಆಡುವುದಕ್ಕೆ ಆಗುವುದಿಲ್ಲ.

ನಿಮ್ಮ ಮನೆಯಲ್ಲಿ ರೂಮು ಖಾಲಿ ಇದೆ ಅಂದಿರಿ. ನೀವು ಪ್ರೀತಿಯಿಂದ ಕರೆಯುತ್ತೀರಿ ಅಂತ ಗೊತ್ತು. ಆದರೆ ಅಪ್ಪನ ಮನೆಯಲ್ಲೂ ಹೊಸ ಟವೆಲ್ ಕೊಟ್ಟರೆ ನಾನು ಏನು ಮಾಡಲಿ? ಇಲ್ಲಿಯವರೆಗೆ ‘ಅಪ್ಪನ ಮನೆಗೆ ಹೋಗಿಲ್ಲ, ಹೋದರೆ ಗೊತ್ತಾಗುತ್ತದೆ’ ಅಂತ ಇದೆ. ಹೋಗಿ ನೋಡಿ ಅಲ್ಲೂ ನೆಂಟಳೇ ಅಂತಾದರೆ, ಆಮೇಲೆ ಅಂದುಕೊಳ್ಳುವುದಕ್ಕೆ ಇನ್ನೊಂದು ಮನೆ ನನ್ನ ಹತ್ತಿರ ಇಲ್ಲ. ಆದ್ದರಿಂದ ಡಿಸೆಂಬರ್‌ನಲ್ಲಿ ಇಲ್ಲೇ ಇರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಶ್ರೀಜಾಗೆ ಹೇಳಿ, ಅವಳು ಕಳಿಸಿದ ಬೆಕ್ಕುಗಳಲ್ಲಿ ಬಾಲದ ಸುರುಳಿ ಈಗ ನನ್ನದಕ್ಕಿಂತ ಚೆನ್ನಾಗಿ ಬರುತ್ತಿದೆ. ಮುಖಸ್ತುತಿ ಅಲ್ಲ.

ಗೌತಮಿ


ಕ್ಯಾಲಮ್‌ವೇಲ್
6 ಅಕ್ಟೋಬರ್ 2013

ಗೌತಮಿ,

ನಿನ್ನ ಪತ್ರ ಓದಿದೆ. ಮತ್ತೆ ಓದಿದೆ. ಅದಕ್ಕೆ ಉತ್ತರ ಈಗ ಬರೆಯುವುದಿಲ್ಲ. ನನ್ನ ಪ್ರಶ್ನೆಗೆ ಮಾತ್ರ ಉತ್ತರ ಕೊಡು. ನಿನ್ನ ಬಕೆಟ್ ಯಾವ ಬಣ್ಣದ್ದಿತ್ತು? ನೇಲ್ ಪಾಲಿಶ್ ಯಾವ ಬಣ್ಣ? ದಿನಾ ನೀರು ಬಿದ್ದರೂ ಅಳಿಸಿಹೋಗದ ಹಾಗೆ ಹೇಗೆ ಬರೆಯುತ್ತಿದ್ದೆ?

ಶ್ರೀಜಾಳ ಸ್ಕೂಲಿಗೆ ಬೇಕು ಅಂತ ಸುಳ್ಳು ಹೇಳುವುದಿಲ್ಲ. ನನಗೆ ಬೇಕು.

ಸೌಜನ್ಯ


ಅಡಿಲೇಡ್
13 ಅಕ್ಟೋಬರ್ 2013

ಆಂಟಿ,

ಬಕೆಟ್ ಹಸಿರು, ಗಿಳಿ ಹಸಿರು ಅಲ್ಲ, ಬಾಳೆಲೆ ಹಸಿರು. ಪಾಲಿಶ್ ಮೆರೂನ್. ಬೇರೆ ಬಣ್ಣಗಳು ಬಿಸಿಲಿಗೆ ಬಿಳಿಚಿಕೊಳ್ಳುತ್ತವೆ.

ಪ್ಲಾಸ್ಟಿಕ್ ಮೇಲೆ ಹಾಗೇ ಹಚ್ಚಿದರೆ ಬೇಗ ಸಿಪ್ಪೆ ಏಳುತ್ತದೆ. ಮೊದಲು ಪಾತ್ರೆ ತಿಕ್ಕುವ ಸ್ಟೀಲ್ ನಾರಿನಿಂದ ಆ ಜಾಗವನ್ನು ಗರಗರ ಉಜ್ಜಿ ಒರಟು ಮಾಡಬೇಕು. ನಯವಾದ ಜಾಗದಲ್ಲಿ ಯಾವುದೂ ನಿಲ್ಲುವುದಿಲ್ಲ. ಒರೆಸಿ ಒಣಗಿಸಿ, ತೆಳುವಾಗಿ ಒಂದು ಸಲ, ಅದು ಆರಿದ ಮೇಲೆ ಇನ್ನೊಂದು ಸಲ. ಒಂದು ದಿನ ನೀರು ತಾಗಿಸಬಾರದು. ಆಮೇಲೆ ಕುದಿಯುವ ನೀರು ಹಾಕಿದರೂ ಬೆಕ್ಕು ಏಳುವುದಿಲ್ಲ, ನಾನು ಗ್ಯಾರಂಟಿ.

ಯಾಕೆ ಕೇಳಿದಿರಿ ಅಂತ ನಾನು ಕೇಳುತ್ತಿಲ್ಲ.

ಗೌತಮಿ


ಕ್ಯಾಲಮ್‌ವೇಲ್
17 ನವೆಂಬರ್ 2013

(ಹೇಳಿದವಳು ಶ್ರೀಜಾ, ಬರೆದವಳು ನಾನು. ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡ ಮಾಡಿದ್ದೇನೆ, ಬೇರೇನೂ ಸೇರಿಸಿಲ್ಲ. ಸೌಜನ್ಯ.)

ಅಕ್ಕಾ,

ನಿನ್ನ ಬಕೆಟ್ ನಮ್ಮ ಬಾತ್‌ರೂಮಿನಲ್ಲಿ ಇದೆ. ಬನಿಂಗ್ಸ್ ಅಂಗಡಿಯಲ್ಲಿ ನೀಲಿ ಮಾತ್ರ ಇತ್ತು, ಅಮ್ಮ ಅದಲ್ಲ ಅಂದಳು. ಸನ್ನಿಬ್ಯಾಂಕ್ ಏರಿಯಾದ ಅಂಗಡಿಯಲ್ಲಿ ಇದ್ದದ್ದು ಗಿಳಿ ಹಸಿರು, ಅದೂ ಅಲ್ಲ ಅಂದಳು. ಕೊನೆಗೆ ರನ್‌ಕಾರ್ನ್‌ನ ಒಂದು ಅಂಗಡಿಯಲ್ಲಿ ಸಿಕ್ಕಿತು. ನನಗೆ ಕಾಲು ನೋವು ಬಂತು. ಅಮ್ಮ ಉಜ್ಜಿದಳು, ನಾನು ಬರೆದೆ. ನೇಲ್ ಪಾಲಿಶ್ ವಾಸನೆ ಕೊಳಕು.

ಪಕ್ಕದ ಮನೆಯವರು ನೋಡಿ ಗಿಡಕ್ಕೆ ನೀರು ಹಾಕೋದಕ್ಕಾ ಅಂದರು. ಇಲ್ಲ, ನನ್ನ ಅಕ್ಕನದು ಅಂದೆ.

ಒಂದು ದಿನ ನಾನು ಅದರಲ್ಲಿ ನನ್ನ ಗೊಂಬೆ ತೊಳೆದೆ. ಅಮ್ಮ ‘ಅದು ಅಕ್ಕಂದು, ಮುಟ್ಬೇಡ!’ ಅಂತ ಕಿರುಚಿದಳು. ನೀನು ಇಲ್ಲಿ ಇಲ್ಲವೇ ಇಲ್ಲ, ಆದರೂ ನಾನು ಮುಟ್ಟಬಾರದು. ಇದು ಅನ್ಯಾಯ. ಅದಕ್ಕೆ ನೀನು ಬೇಗ ಬಂದು ಅದನ್ನು ಉಪಯೋಗಿಸು. ಇಲ್ಲದಿದ್ದರೆ ನಾನು ಮತ್ತೆ ಗೊಂಬೆ ತೊಳೆಯುತ್ತೇನೆ. ನಿನಗೆ ಬೇಕಾದರೆ ನನ್ನ ಜೊತೆ ಜಗಳ ಆಡು.

ಶ್ರೀಜಾ
(ಈ ಹೆಸರು ಅವಳೇ ಬರೆದದ್ದು. ಕನ್ನಡದಲ್ಲಿ. ಸೌಜನ್ಯ.)


ಕ್ಯಾಲಮ್‌ವೇಲ್
22 ಡಿಸೆಂಬರ್ 2013

ಅಪ್ಪಾ,

ವಿಳಾಸ ನೋಡಿ ನಿಮಗೆ ಗೊತ್ತಾಗಿರುತ್ತದೆ. ಫೋನಿನಲ್ಲಿ ಆಂಟಿ ಹೇಳುತ್ತೇನೆ ಅಂದರು, ನಾನೇ ಬರೆಯುತ್ತೇನೆ ಅಂತ ತಡೆದೆ.

ಏರ್‌ಪೋರ್ಟಿಗೆ ಇಬ್ಬರೂ ಬಂದಿದ್ದರು. ಪತ್ರದಲ್ಲಿ ಅಷ್ಟು ಜೋರು ಮಾಡುವ ಹುಡುಗಿ ನನ್ನನ್ನು ಕಂಡದ್ದೇ ಅಮ್ಮನ ಸೊಂಟಕ್ಕೆ ಮುಖ ಒತ್ತಿ, ನನಗೆ ಬೆನ್ನು ಹಾಕಿ ನಿಂತುಬಿಟ್ಟಳು. ‘ಏ ಶ್ರೀಜಾ, ಇಷ್ಟು ದಿನ ಅಕ್ಕಾ ಅಕ್ಕಾ ಅಂತಿದ್ದೆ, ಈಗೇನೇ?’ ಅಂತ ಆಂಟಿ ಗದರಿದರು. ನಾನು ಬೇಡ ಅಂತ ಸನ್ನೆ ಮಾಡಿದೆ. ಕಾರಿನವರೆಗೂ ಆಂಟಿಯ ಹತ್ತಿರವೇ ಮಾತಾಡಿದೆ, ಫ್ರೀಮ್ಯಾಂಟಲ್ ಬೆಕ್ಕಿನ ಕಥೆ, ನಿಮ್ಮ ವಾಂಬ್ಯಾಟ್ ಕಥೆ. ಶ್ರೀಜಾ ತಿರುಗಲಿಲ್ಲ. ಆದರೆ ಕಿವಿ ಈ ಕಡೆಯೇ ಇತ್ತು ಅಪ್ಪಾ, ಹೆಜ್ಜೆ ನಿಧಾನ ಮಾಡಿ ಮಾಡಿ ನನ್ನ ಪಕ್ಕಕ್ಕೇ ಬಂದಳು. ರಸ್ತೆ ದಾಟುವ ಸಿಗ್ನಲ್ ಹತ್ತಿರ ನಿಂತಾಗ ‘ಅಪ್ಪಾಸ್ ವಾಂಬ್ಯಾಟ್ ವಾಸ್ ಟೆರಿಬಲ್’ ಅಂದಳು, ನನ್ನ ತೊಡೆಗೆ ಒರಗಿಕೊಂಡು.

ಬಚ್ಚಲಲ್ಲಿ ಬಕೆಟ್ ಇತ್ತು. ಬಾಳೆಲೆ ಹಸಿರು. ನನ್ನ ಬೆಕ್ಕೇ, ಮುದ್ದೆ, ನಿಂಬೆಹಣ್ಣು, ಎಡಗಿವಿ ತೆರೆದಿದೆ, ಬಾಲ ಒಂದೇ ಉಸಿರಿನದು. ಮೊಳೆಯ ಮೇಲೆ ಒಂದು ಟವೆಲ್, ಹೊಸದಲ್ಲ, ಅಂಚು ಎಳೆ ಬಿಟ್ಟಿದೆ. ಮೂಲೆಯಲ್ಲಿ ಆಂಟಿ ಕೆಂಪು ದಾರದಲ್ಲಿ ಒಂದು ಬಾಲ ಮಾತ್ರ ಹೊಲಿದಿದ್ದಾರೆ. ‘ನಂಗೆ ಅಷ್ಟೇ ಬಂತು ಕಣೇ’ ಅಂದರು. ಇವತ್ತು ಬೆಳಿಗ್ಗೆ ಅದನ್ನೇ ಒದ್ದೆಯಾಗಿ ಹಾಸಿಗೆ ಮೇಲೆ ಬಿಟ್ಟೆ ಅಂತ ಬೈದರು. ‘ಹಾಸ್ಟೆಲ್‌ನಲ್ಲಿ ಇದೇನಾ ಕಲಿಸಿದ್ದು? ಯಾರು ಒಣಗಿಸ್ತಾರೆ, ನಿಮ್ಮಪ್ಪನಾ?’ ನಾನು ಎದುರು ಮಾತಾಡಿದೆ. ಇನ್ನೂ ಬೈದರು.

ಆದರೆ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಿನ್ನೆ ಬಕೆಟ್ಟನ್ನು ನಲ್ಲಿ ಕೆಳಗೆ ಎಳೆಯುವಾಗ ಅದು ಅರ್ಧ ಸುತ್ತು ತಿರುಗಿತು. ಗೋಡೆಯ ಕಡೆಗಿದ್ದ ಮಗ್ಗುಲಲ್ಲಿ ಇನ್ನೊಂದು ಚಿತ್ರ. ಅದೇ ಮುದ್ದೆ, ಅದೇ ನಿಂಬೆಹಣ್ಣು, ಆದರೆ ಮುಖ ಈಚೆಗೆ. ಕಣ್ಣಿಗೆ ಎರಡು ಠ. ಶ್ರೀಜಾಗೆ ಬೇಡ ಅಂತ ಕಳಿಸಿದ ಕಾಗದವನ್ನು ಆಂಟಿ ತೋರಿಸಿಯೇ ಬಿಟ್ಟಿದ್ದಾರೆ! ಹುಬ್ಬು ಮುನಿಸಿಕೊಂಡಿದೆ, ಕೆಳಗೆ ಕಿವಿಯಿಂದ ಕಿವಿಗೆ ನಗು. ಮುಂದಿನ ಎರಡು ಹಲ್ಲಿಲ್ಲ. ಬರೆದವಳಿಗೂ ಇಲ್ಲ.

ಅಲ್ಲೇ ನೀರು ನಿಲ್ಲಿಸಿ ಬಾಗಿಲು ಸ್ವಲ್ಪ ತೆರೆದು ಕೂಗಿದೆ, ‘ಶ್ರೀಜಾ! ಇದ್ಯಾವಾಗ ಬರೆದೆ?’ ಬಾಗಿಲ ಹೊರಗೇ ಕಾಯುತ್ತಾ ಕೂತಿದ್ದಳು ಅಂತ ಕಾಣುತ್ತದೆ. ‘ನೀನು ಬೆಕ್ಕು ತಿರುಗಿಸಲ್ಲ ಅಂದೆ. ಸೋ ಐ ಟರ್ನ್ಡ್ ದ ಬಕೆಟ್’ ಅಂದಳು.

ಹನ್ನೊಂದು ವರ್ಷ ಅಂಥದೇ ಬಕೆಟ್ ಹಿಡಿದವಳು ನಾನು. ಆಚೆ ಕಡೆಗೆ ಇನ್ನೊಂದು ಮಗ್ಗುಲಿದೆ ಅಂತ ಒಂದು ದಿನವೂ ಹೊಳೆಯಲಿಲ್ಲ ನೋಡಿ.

ನಾಲ್ಕು ದಿನಕ್ಕೆ ಅಂತ ಟಿಕೆಟ್ ಮಾಡಿಸಿದ್ದೆ. ಈಗ ಕಾಲೇಜು ತೆರೆಯುವವರೆಗೆ ಮುಂದೆ ಹಾಕಿಸಿದೆ. ಸರ್ವೋದಲ್ಲಿ ಬ್ರೀ ನನ್ನ ಬದಲು ನಿಲ್ಲುತ್ತಾಳೆ.

ನಿಮ್ಮ ಸೈಟಿನ ಸರದಿ ಮುಗಿದ ಕೂಡಲೇ ಬನ್ನಿ. ಪೊಂಗಲ್ ಮಾಡುತ್ತೇನೆ ಅಂತ ಆಂಟಿ ಹೇಳಿದ್ದಾರೆ, ಶ್ರೀಜಾ ಮುದ್ದೆ ಅಂತ ಹಟ ಹಿಡಿದಿದ್ದಾಳೆ, ಈ ಸಲ ತಿನ್ನುತ್ತಾಳಂತೆ. ಬಂದವರು ಬಚ್ಚಲಿಗೆ ಹೋಗಿ ಎರಡೂ ಮಗ್ಗುಲು ತಿರುಗಿಸಿ ನೋಡಿ. ಆದರೆ ಆ ಬಕೆಟ್‌ನಲ್ಲಿ ಸ್ನಾನ ಮಾಡಬೇಡಿ. ಅದು ನನ್ನದು.

ನಿಮ್ಮ ಮಗಳು,
ಗೌತಮಿ